ಜಂಟಿ ಆಸ್ತಿಯ ಪಾಲು: ವಿಭಾಗ ಪತ್ರವೋ, ಹಕ್ಕು ಬಿಡುಗಡೆಯೋ, ಅದಾಲತ್ ರಾಜಿಯೋ, ದಾವೆಯೋ?

ಅಣ್ಣತಮ್ಮಂದಿರ ನಡುವೆ ಮಾತು ನಿಂತ ಮೇಲೆ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: ಕೋರ್ಟಿಗೆ ಹೋಗಬೇಕಾ, ಬೇಡವಾ? ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದವು ಎರಡಿವೆ. ಈ ಆಸ್ತಿಗೆ ಯಾರ್‍ಯಾರ ಸಹಿ ಬೇಕು? ಆಸ್ತಿ ನೆಲದ ಮೇಲೆ ತುಂಡಾಗುತ್ತದೆಯೇ? ದಾರಿಯನ್ನು ತೀರ್ಮಾನಿಸುವುದು ಜಗಳದ ಜೋರಲ್ಲ, ಈ ಎರಡು ಉತ್ತರಗಳು. ಕೂತು ಮಾತಾಡಲಾಗದಷ್ಟು ಹಗೆ ಸಾಧಿಸುವವರು ಕೂಡ, ಸಹಿ ಹಾಕಲು ಒಪ್ಪಿದರೆ, ಒಂದೇ ದಿನದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬಿಡುಗಡೆ ಪಡೆದಾರು. ಚೆನ್ನಾಗಿಯೇ ಇರುವ ಮನೆಯವರು ಒಬ್ಬ ತಂಗಿಯ ಸಹಿ ಬಿಟ್ಟು ಪಾಲು ಮಾಡಿಕೊಂಡರೆ, ಅವಳ ಮಕ್ಕಳ ಕಾಲದಲ್ಲಿ ಮೊಕದ್ದಮೆ ಎದುರಿಸಬೇಕಾದೀತು.

ಇಲ್ಲಿರುವುದು ಮುಖ್ಯವಾಗಿ ಕರ್ನಾಟಕದ ಹಿಂದೂ ಕುಟುಂಬಗಳ ಮಾತು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ. ಹುಟ್ಟಿನಿಂದ ಬರುವ ಪಿತ್ರಾರ್ಜಿತ ಹಕ್ಕು ಅಲ್ಲಿಲ್ಲ. ಆದರೆ ಪಾಲು ಎಷ್ಟೆಂದು ತಿಳಿದ ಮೇಲೆ ಅದನ್ನು ಪಡೆಯುವ ದಾರಿಗಳು ಹೆಚ್ಚುಕಡಿಮೆ ಇವೇ.

ಮೊದಲು ಪಾಲುದಾರರ ಪಟ್ಟಿ

ಯಾವ ದಾರಿ ಹಿಡಿಯುವುದಿದ್ದರೂ ವಂಶವೃಕ್ಷ ಬರೆದುಕೊಂಡು ಕೂರಿ. ತೀರಿಕೊಂಡವರ ಹೆಸರು ಬಿಡಬೇಡಿ, ಅವರ ಹೆಂಡತಿ ಮಕ್ಕಳು ಅವರ ಜಾಗದಲ್ಲಿ ಬರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಬಿಡಬೇಡಿ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆ ಚರ್ಚೆಯನ್ನೇ ಮುಗಿಸಿತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಈಗ ಆ ಹೊರಗಿಡುವಿಕೆ ಉಳಿದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನಿಜವಾಗಿ ನಡೆದ ವಿಭಾಗ, ಕ್ರಯಗಳಿಗೆ ಮಾತ್ರ ರಕ್ಷಣೆ ಇದೆ.

ತಂದೆಯ ಸ್ವಯಾರ್ಜಿತಕ್ಕೆ ಈ ಗೊಂದಲವೇ ಇರಲಿಲ್ಲ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಂದೆಯ ತಾಯಿ, ಎಲ್ಲರಿಗೂ 1956ರಿಂದಲೇ ಸಮಪಾಲು. ‘ಮದುವೆಗೆ ಅಷ್ಟು ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ’ ಎನ್ನುವುದು ಪಂಚಾಯ್ತಿ ಕಟ್ಟೆಯಲ್ಲಿ ನಡೆಯುವ ವಾದ. ಕೋರ್ಟಿನಲ್ಲಿ ಅದರಿಂದ ಪಾಲು ಕರಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದು 4 ಎಕರೆ 20 ಗುಂಟೆ, ಅಂದರೆ 180 ಗುಂಟೆ ಇದೆ. ತಂದೆ ಇಲ್ಲ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಸ್ವಯಾರ್ಜಿತವಾದರೆ ನಾಲ್ವರಿಗೂ ಕಾಲು ಪಾಲು, ತಲಾ 1 ಎಕರೆ 5 ಗುಂಟೆ. ಪಿತ್ರಾರ್ಜಿತವಾದರೆ ತಂದೆ ತೀರಿಕೊಳ್ಳುವ ಮುನ್ನಿನ ಕ್ಷಣದಲ್ಲಿ ಒಂದು ಕಲ್ಪಿತ ವಿಭಾಗ ಹಿಡಿಯಬೇಕು. ತಂದೆ ಮತ್ತು ಮೂವರು ಮಕ್ಕಳಿಗೆ ತಲಾ ಕಾಲು, ಆಮೇಲೆ ತಂದೆಯ ಕಾಲನ್ನು ನಾಲ್ವರಿಗೆ ಹಂಚಿದರೆ ಪ್ರತಿ ಮಗುವಿಗೆ 16ರಲ್ಲಿ 5, ತಾಯಿಗೆ 16ರಲ್ಲಿ 1. ಮಕ್ಕಳಿಗೆ ತಲಾ 1 ಎಕರೆ 16 ಗುಂಟೆ 4 ಆಣೆ, ತಾಯಿಗೆ ಬರೀ 11 ಗುಂಟೆ 4 ಆಣೆ. ಆದರೆ 1978ರ ಗುರುಪಾದ ಮಗ್ದುಮ್ ತೀರ್ಪಿನ ಹಾಗೆ ಆ ಕಲ್ಪಿತ ವಿಭಾಗದಲ್ಲೇ ತಾಯಿಗೂ ಒಂದು ಪಾಲು ಹಿಡಿದರೆ ಐದರಲ್ಲಿ ಒಂದು, ತಂದೆಯದರಲ್ಲಿ ಮತ್ತೆ ಇಪ್ಪತ್ತರಲ್ಲಿ ಒಂದು ಸೇರಿ ಎಲ್ಲರಿಗೂ ತಿರುಗಿ ಕಾಲು ಪಾಲೇ ಬರುತ್ತದೆ. ಆ ತೀರ್ಪು ಮುಂಬೈ ಪದ್ಧತಿಯ ಹಿಂದೂ ಕಾನೂನಿನ ಮೇಲೆ ನಿಂತದ್ದು. ನಿಮ್ಮ ಜಿಲ್ಲೆ ಯಾವ ಪದ್ಧತಿಯ ಪ್ರದೇಶವಾಗಿತ್ತು ಎಂಬುದನ್ನು ಅಲ್ಲಿನ ವಕೀಲರ ಹತ್ತಿರವೇ ಖಚಿತಪಡಿಸಿಕೊಳ್ಳಿ. ತಾಯಿಯ ಹೆಸರಿನಲ್ಲಿ ಮುಕ್ಕಾಲು ಎಕರೆಗೂ ಹೆಚ್ಚು ಅಂತರ ಬರುವುದರಿಂದಲೇ ‘ಆಸ್ತಿ ಯಾವ ಬಗೆಯದು’ ಎಂಬುದು ದಾವೆಯ ಮೊದಲ ಜಗಳವಾಗುತ್ತದೆ.

ಖರಾಬಿನ ವಿಷಯ ಬಂತಲ್ಲ. ಬಿ ಖರಾಬು ಸಾರ್ವಜನಿಕ ಉಪಯೋಗದ್ದು, ಅದನ್ನು ಪಾಲಿಗೆ ಸೇರಿಸುವ ಹಾಗಿಲ್ಲ. ಎ ಖರಾಬು ಹಿಡುವಳಿಯ ಜೊತೆಗೇ ಬರುತ್ತದೆ, ಆದರೆ ಸಾಗುವಳಿ ವಿಸ್ತೀರ್ಣ ಎಂದು ಎಣಿಸಿದರೆ ಆ ಬಂಡೆ ಸಿಕ್ಕವನು ಆಮೇಲೆ ಸುಮ್ಮನಿರುವುದಿಲ್ಲ.

ಪೌತಿ ಖಾತೆ ಪಾಲಲ್ಲ

ತಂದೆ ತೀರಿಕೊಂಡ ಮೇಲೆ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಪಹಣಿಗೆ ಬರುವುದು ಪೌತಿ ಖಾತೆಯಲ್ಲಿ. ಅದರಿಂದ ಯಾರ ಪಾಲೂ ಬೇರೆಯಾಗುವುದಿಲ್ಲ. ಹಿರಿಯಣ್ಣನೊಬ್ಬನ ಹೆಸರಿಗೆ ಖಾತೆ ಆಗಿದ್ದರೆ ಅವನೊಬ್ಬನೇ ಮಾಲೀಕ ಎಂದೂ ಅಲ್ಲ. ಕಂದಾಯ ದಾಖಲೆ ಹಕ್ಕನ್ನು ಹುಟ್ಟಿಸುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಮ್ಯುಟೇಶನ್‌ಗೆ, ಅಂದರೆ ಖಾತೆ ಬದಲಾವಣೆಗೆ, ತಕರಾರು ಹಾಕಿ ತಹಸೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ ಎಂದು ಮೆಟ್ಟಿಲು ಹತ್ತಿ ಇಳಿದು ವರ್ಷ ಕಳೆಯುವವರು ಬಹಳ. ಕೊನೆಗೆ ಅಲ್ಲಿ ಬರುವ ಆದೇಶ ‘ಸಿವಿಲ್ ಕೋರ್ಟಿಗೆ ಹೋಗಿ’ ಎಂಬುದೇ. ಹೆಸರು ಬಿಟ್ಟುಹೋಗಿದ್ದರೆ ತಕರಾರು ಹಾಕಿ, ಅದು ಬೇಕು. ಪಾಲು ಅಲ್ಲಿಂದ ಸಿಗುತ್ತದೆಂದು ಮಾತ್ರ ಕಾಯಬೇಡಿ.

ಎಲ್ಲರೂ ಒಪ್ಪಿದ್ದರೆ: ನೋಂದಾಯಿತ ವಿಭಾಗ ಪತ್ರ

ಎಲ್ಲ ಪಾಲುದಾರರೂ ಸಹಿಗೆ ಸಿದ್ಧರಿದ್ದು ಆಸ್ತಿ ತುಂಡಾಗುವಂತಿದ್ದರೆ ಬೇರೆ ದಾರಿ ಹುಡುಕುವ ಅಗತ್ಯವೇ ಇಲ್ಲ. ಖರ್ಚು ಕೂಡ ಜನ ಅಂದುಕೊಂಡಷ್ಟಿಲ್ಲ. ಕುಟುಂಬದೊಳಗಿನ ವಿಭಾಗ ಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಶೇಕಡಾ ಲೆಕ್ಕದಲ್ಲಿ ಇಲ್ಲ. ಪಾಲೊಂದಕ್ಕೆ ಇಷ್ಟು ಸಾವಿರ ಎಂದು ನಿಗದಿಯಾಗಿದೆ. ಕೃಷಿ ಜಮೀನಿಗೆ ಕಡಿಮೆ, ನಗರದ ಆಸ್ತಿಗೆ ಹೆಚ್ಚು. ಅದೇ ಆಸ್ತಿಯನ್ನು ಅಣ್ಣ ತಮ್ಮನಿಗೆ ಕ್ರಯ ಮಾಡಿಕೊಟ್ಟರೆ ಮಾರ್ಗಸೂಚಿ ಬೆಲೆಯ ಮೇಲೆ ಶೇಕಡಾ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ಕೋಟಿ ಬೆಲೆಯ ನಿವೇಶನವಾದರೆ ಈ ವ್ಯತ್ಯಾಸ ಲಕ್ಷಗಳಲ್ಲಿ.

ಮಾಡುವ ಕ್ರಮ ಹೀಗೆ. ಪಹಣಿ, ಮ್ಯುಟೇಶನ್ ಪ್ರತಿಗಳು, ಮೂಲ ಪತ್ರಗಳು, ಇ.ಸಿ. (ಋಣಭಾರ ಪತ್ರ) ತೆಗೆಸಿಕೊಳ್ಳಿ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಒಂದೇ ಸರ್ವೆ ನಂಬರನ್ನು ತುಂಡು ಮಾಡುವುದಾದರೆ ಮೋಜಿಣಿ ಅರ್ಜಿ ಹಾಕಿ 11-ಇ ನಕ್ಷೆ ಮಾಡಿಸಿ. ಭೂಮಾಪಕರು ಬಂದು ಅಳೆದು, ಯಾವ ತುಂಡು ಯಾರಿಗೆ ಎಂದು ಗುರುತಿಸಿದ ನಕ್ಷೆಯೇ ಪತ್ರದ ಜೊತೆ ಹೋಗಬೇಕು. ಪಂಚಾಯ್ತಿ ಜಾಗಕ್ಕೆ ಇ-ಸ್ವತ್ತಿನ ನಮೂನೆ 9 ಮತ್ತು 11, ನಗರದಲ್ಲಿ ಇ-ಖಾತೆ. ಆಮೇಲೆ ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬಿ ದಿನ ಹಿಡಿದು ಎಲ್ಲರೂ ಹೋಗಿ ಸಹಿ, ಹೆಬ್ಬೆಟ್ಟು, ಫೋಟೋ. ಪತ್ರಕ್ಕೆ ಸಹಿ ಮಾಡಿದ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.

ಜಮೀನು ಹಂಚುವಾಗ ಗುಂಟೆಯ ಲೆಕ್ಕಕ್ಕೇ ಗಂಟುಬೀಳುವವರು ನೀರನ್ನು ಮರೆಯುತ್ತಾರೆ. ಮೇಲಿನ 180 ಗುಂಟೆಯಲ್ಲಿ ಕೊಳವೆಬಾವಿ ಒಂದೇ ಇದ್ದು ಅದು ಉತ್ತರದ ತುಂಡಿನಲ್ಲಿದೆ, ರಸ್ತೆಯೂ ಅದೇ ಕಡೆ ಎಂದುಕೊಳ್ಳಿ. ನಾಲ್ಕು ಸಮ ತುಂಡು ಮಾಡಿದರೆ ವಿಸ್ತೀರ್ಣ ಸಮ, ಬೆಲೆ ಸಮವಲ್ಲ. ಪತ್ರದಲ್ಲಿ ಬರೆಯಬೇಕಾದದ್ದು: ಹಿಂದಿನ ತುಂಡುಗಳಿಗೆ ಎಷ್ಟು ಅಡಿ ಅಗಲದ ದಾರಿ, ಯಾವ ಬದಿಯಲ್ಲಿ, ಅದರ ವಿಸ್ತೀರ್ಣ ಯಾರ ಪಾಲಿನಿಂದ ಕಳೆಯುವುದು, ಕೊಳವೆಬಾವಿ ಯಾರದು, ಯಾರಿಗೆ ವಾರದಲ್ಲಿ ಯಾವ ದಿನ ಎಷ್ಟು ಗಂಟೆ ನೀರು, ಮೋಟಾರ್ ಸುಟ್ಟರೆ ರಿಪೇರಿ ಯಾರು ಯಾವ ಪ್ರಮಾಣದಲ್ಲಿ ಕೊಡುವುದು, ಬಾವಿ ಬತ್ತಿದರೆ ಏನು, ವಿದ್ಯುತ್ ಆರ್‌.ಆರ್‌. ನಂಬರ್ ಯಾರ ಹೆಸರಲ್ಲಿ ಉಳಿಯುವುದು. ತೆಂಗು, ಅಡಿಕೆ, ಬದುವಿನ ಮರಗಳು ಯಾರಿಗೆ. ‘ಹಿಂದಿನಿಂದ ಬಂದ ರೂಢಿಯಂತೆ ನೀರು ದಾರಿ ಅನುಭವಿಸತಕ್ಕದ್ದು’ ಎಂದು ಪತ್ರ ಬರೆಯುವವರು ಒಂದು ಸಾಲು ಸೇರಿಸಿ ಮುಗಿಸುತ್ತಾರೆ. ಆ ಸಾಲಿನ ಅರ್ಥ ಏನೆಂದೇ ಮುಂದೆ ಇಂಜೆಕ್ಷನ್ ದಾವೆಗಳು ಹುಟ್ಟುತ್ತವೆ. ತುಂಡುಗಳ ಬೆಲೆ ಸರಿದೂಗದಿದ್ದರೆ ಒಳ್ಳೆಯ ತುಂಡು ಪಡೆದವನು ಮಿಕ್ಕವರಿಗೆ ಹಣ ಕೊಟ್ಟು ಸರಿಮಾಡಬಹುದು. ಆ ಮೊತ್ತ ಚೆಕ್ಕಿನಲ್ಲಿ ಹೋಗಲಿ, ಚೆಕ್ ನಂಬರ್ ಪತ್ರದಲ್ಲಿರಲಿ.

ಎಡವುವುದು ಇನ್ನೆಲ್ಲಿ? ಅಪ್ರಾಪ್ತರ ವಿಷಯದಲ್ಲಿ. ತೀರಿಕೊಂಡ ಅಣ್ಣನ ಚಿಕ್ಕ ಮಕ್ಕಳಿಗೆ ಬರಡು ತುಂಡು ಕೊಟ್ಟು ಅವರ ತಾಯಿಯಿಂದ ಸಹಿ ಮಾಡಿಸಿಕೊಂಡರೆ, ಆ ಮಕ್ಕಳು ದೊಡ್ಡವರಾದ ಮೇಲೆ ವಿಭಾಗವನ್ನೇ ಮತ್ತೆ ತೆರೆಸಬಹುದು. ಅವರ ಪಾಲು ಒಂದು ಗುಂಟೆ ಜಾಸ್ತಿ ಹೋದರೂ ಪರವಾಗಿಲ್ಲ, ಕಡಿಮೆಯಾಗಕೂಡದು. ಯಾವುದೋ ಒಂದು ನಿವೇಶನವನ್ನು ‘ಆಮೇಲೆ ನೋಡೋಣ’ ಎಂದು ಪತ್ರದಿಂದ ಬಿಡುವುದು ಇನ್ನೊಂದು. ಬಿಟ್ಟದ್ದು ಜಂಟಿಯಾಗಿಯೇ ಉಳಿಯುತ್ತದೆ ಎಂದಾದರೂ ಬರೆಯಿರಿ.

ಮಂಜೂರಾದ ಜಮೀನಿದ್ದವರು ವಿಭಾಗವೇ ಆಗದು ಎಂದು ಹೆದರುವುದುಂಟು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯಲ್ಲಿ ಕುಟುಂಬದ ಸದಸ್ಯರ ನಡುವಿನ ವಿಭಾಗವನ್ನು ಪರಭಾರೆ ಎಂದು ಎಣಿಸಿಲ್ಲ. ಭೂಸುಧಾರಣೆಯಲ್ಲಿ ಫಾರಂ 7 (ಗೇಣಿದಾರ ಹಕ್ಕು ಕೋರುವ ಅರ್ಜಿ) ಹಾಕಿ ಬಂದ ಗೇಣಿ ಜಮೀನಿಗೂ 15 ವರ್ಷದ ಮಾರಾಟ ನಿರ್ಬಂಧದ ನಡುವೆಯೇ ಅವಿಭಕ್ತ ಕುಟುಂಬದೊಳಗೆ ಪಾಲಾಗಲು ಅವಕಾಶವಿದೆ. ಅಲ್ಲಿ ನಿಜವಾದ ತಕರಾರು ಬೇರೆ: ಫಾರಂ ಹಿರಿಯಣ್ಣನ ಹೆಸರಲ್ಲಿದ್ದರೆ ಗೇಣಿ ಅವನೊಬ್ಬನದೋ, ಇಡೀ ಕುಟುಂಬದ್ದೋ? ಆ ಕಾಲದ ಗೇಣಿ ಚೀಟಿ, ಭೂ ಟ್ರಿಬ್ಯೂನಲ್ ಮುಂದಿನ ಹೇಳಿಕೆಗಳ ನಕಲು ಹುಡುಕಿಡಿ.

ಬಿಳಿ ಕಾಗದದ ಪಾಲುಪಟ್ಟಿ

ಹಿರಿಯರು ಕೂತು 20 ರೂಪಾಯಿಯ ಛಾಪಾ ಕಾಗದದಲ್ಲಿ ಬರೆದು ಪಂಚರ ಸಹಿ ಹಾಕಿಸಿದ ಪಾಲುಪಟ್ಟಿ ಪ್ರತಿ ಊರಿನಲ್ಲೂ ಇದೆ. ಹಿಂದೆ ಬಾಯಿಮಾತಿನಲ್ಲಿ ಆಗಿಹೋದ ಪಾಲನ್ನು ನೆನಪಿಗಾಗಿ ಬರೆದಿಟ್ಟದ್ದಾದರೆ ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಆ ಕಾಗದದಿಂದಲೇ ಪಾಲು ಹುಟ್ಟುವುದಾದರೆ ನೋಂದಣಿ ಬೇಕು, ಇಲ್ಲದಿದ್ದರೆ ಸಾಕ್ಷ್ಯವಾಗಿ ನಿಲ್ಲದು. ‘ಈ ದಿನ ಪಾಲು ಮಾಡಿಕೊಂಡಿರುತ್ತೇವೆ’ ಎಂದು ಬರೆದಿದೆಯೋ, ‘ಹಿಂದೆಯೇ ಮಾಡಿಕೊಂಡಂತೆ ಅನುಭವದಲ್ಲಿರುತ್ತೇವೆ’ ಎಂದಿದೆಯೋ ಎಂಬುದರ ಮೇಲೆ ಇಡೀ ಕೇಸು ತಿರುಗಿದ್ದುಂಟು. ಛಾಪಾ ಶುಲ್ಕ ಸಾಕಷ್ಟಿಲ್ಲದಿದ್ದರೆ ಕೋರ್ಟಿನಲ್ಲಿ ಕಡಿಮೆ ಬಿದ್ದ ಮೊತ್ತದ ಜೊತೆಗೆ ಅದರ ಹತ್ತು ಪಟ್ಟು ದಂಡ. ಮಗಳ ಪಾಲಿನ ವಿರುದ್ಧ ಬಾಯಿಮಾತಿನ ವಿಭಾಗ ಮುಂದಿಡುವುದಂತೂ ವಿನೀತಾ ಶರ್ಮಾ ತೀರ್ಪಿನ ಮೇಲೆ ಬಲು ಕಷ್ಟ. ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದರೆ ಮಾತ್ರ, ಅದೂ ಅಪರೂಪಕ್ಕೆ ಒಪ್ಪುತ್ತಾರೆ.

ಹಳೆಯ ಪಟ್ಟಿ ಇದ್ದು ಎಲ್ಲರೂ ಅದನ್ನು ಈಗಲೂ ಒಪ್ಪುತ್ತಾರಾದರೆ ತಡಮಾಡದೆ ಹೊಸ ವಿಭಾಗ ಪತ್ರ ಮಾಡಿ ನೋಂದಾಯಿಸುವುದೇ ಲೇಸು. ಸಹಿ ಹಾಕಿದ ಹಿರಿಯರು ಬದುಕಿರುವಾಗ ಆಗುವ ಕೆಲಸ ಅವರು ಹೋದ ಮೇಲೆ ಆಗುವುದಿಲ್ಲ.

ಒಬ್ಬರಿಗೆ ಪಾಲು ಬೇಡವಾದರೆ: ಹಕ್ಕು ಬಿಡುಗಡೆ ಪತ್ರ

ಒಬ್ಬ ತಂಗಿ ಹಣ ಪಡೆದೋ ಪಡೆಯದೆಯೋ ಹೊರಗೆ ಹೋಗಲು ಒಪ್ಪಿದರೆ, ಇಡೀ ಆಸ್ತಿ ಹಂಚುವ ಬದಲು ಹಕ್ಕು ಬಿಡುಗಡೆ ಪತ್ರ ಸಾಕು. ಹತ್ತಿರದ ಸಂಬಂಧಿಗಳ ನಡುವೆ ಇದಕ್ಕೂ ನಿಗದಿತ ಶುಲ್ಕದ ರಿಯಾಯಿತಿ ಇದೆ. ಕಾಯ್ದೆಯ ಪಟ್ಟಿಯಲ್ಲಿಲ್ಲದ ದೂರದ ಸಂಬಂಧಿಗೆ ಬಿಟ್ಟುಕೊಟ್ಟರೆ ಮಾರುಕಟ್ಟೆ ಬೆಲೆಯ ಶುಲ್ಕ ಬೀಳಬಹುದು, ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಲೆಕ್ಕ ಹಾಕಿಸಿ.

ಇದರಲ್ಲಿ ಮೂರು ಬಲೆಗಳಿವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಅಣ್ಣನೊಬ್ಬ ತನ್ನ ಹಕ್ಕು ಬಿಟ್ಟರೂ ಆಗಲೇ ಹುಟ್ಟಿರುವ ಅವನ ಮಕ್ಕಳ ಹಕ್ಕು ಅವನ ಸಹಿಯಿಂದ ಹೋಗಿಬಿಡುವುದಿಲ್ಲ. ವಯಸ್ಕ ಮಕ್ಕಳ ಸಹಿಯನ್ನೂ ತೆಗೆದುಕೊಳ್ಳಿ. ಎರಡನೆಯದು, ಯಾರ ಪರವಾಗಿ ಬಿಡುವುದು ಎಂಬುದು. ಒಬ್ಬ ತಮ್ಮನ ಹೆಸರಿಗೆಂದು ಬರೆದರೆ ಅವನ ಪಾಲು ಬೆಳೆಯುತ್ತದೆ, ಎಲ್ಲ ಉಳಿದ ಪಾಲುದಾರರಿಗೆಂದರೆ ಎಲ್ಲರದೂ. ಈ ಒಂದು ಪದದ ಆಯ್ಕೆ ಮುಂದೆ ಉಳಿದವರ ನಡುವೆಯೇ ಜಗಳ ಹಚ್ಚುತ್ತದೆ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ‘ಖಾತೆ ಬದಲಾವಣೆಗೆ ಸಹಿ’ ಎಂದು ಹೇಳಿ ಹೆಣ್ಣುಮಕ್ಕಳಿಂದ ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುವುದು. ಸಹಿ ಹಾಕುವವರು ತಲೆಬರಹ ಓದಿ, ಷೆಡ್ಯೂಲಿನಲ್ಲಿ ಯಾವ ಯಾವ ಆಸ್ತಿ ಇದೆಯೆಂದು ಎಣಿಸಿ. ಪಡೆಯುವವರಿಗೂ ಒಂದು ಮಾತು: ಹಣ ಕೊಟ್ಟಿದ್ದರೆ ಪತ್ರದಲ್ಲಿ ತೋರಿಸಿ. ‘ಪ್ರೀತಿ ವಿಶ್ವಾಸದಿಂದ’ ಎಂದು ಬರೆದು ಕೈಯಲ್ಲಿ ನಗದು ಕೊಟ್ಟರೆ ಮೋಸದಿಂದ ಬರೆಸಿಕೊಂಡರೆಂಬ ಆರೋಪಕ್ಕೆ ಉತ್ತರವಿರುವುದಿಲ್ಲ.

ಅರ್ಧ ಒಪ್ಪಿಗೆ ಇದ್ದಾಗ: ಮಧ್ಯಸ್ಥಿಕೆ, ಲೋಕ ಅದಾಲತ್

ಪಾಲು ಇರುವುದನ್ನು ಎಲ್ಲರೂ ಒಪ್ಪುತ್ತಾರೆ, ಯಾವ ತುಂಡು ಯಾರಿಗೆ ಎಂಬುದರಲ್ಲಿ ಮಾತ್ರ ಜಗಳ. ಇಂಥ ಕಡೆ ಮಧ್ಯಸ್ಥಿಕೆ ಹೇಳಿ ಮಾಡಿಸಿದ್ದು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ, ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಮೊಕದ್ದಮೆ ಹೂಡುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಎದುರು ಪಕ್ಷಕ್ಕೆ ನೋಟಿಸು ಹೋಗುವಂತೆ ಮಾಡಲೂಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಗೊತ್ತಿರುವವರು ಕಡಿಮೆ.

ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ, ಅದರ ಮೇಲೆ ಅಪೀಲಿಲ್ಲ. ಇದೇ ಅದರ ಗುಣ, ಇದೇ ಅಪಾಯ. ಸಹಿ ಹಾಕುವ ದಿನ ಗದ್ದಲ ಜಾಸ್ತಿ, ಫೈಲುಗಳು ರಾಶಿ, ‘ಮುಗಿಸಿಬಿಡಿ’ ಎಂಬ ಒತ್ತಡ. ರಾಜಿ ಅರ್ಜಿಯನ್ನು ಹಿಂದಿನ ದಿನವೇ ಮನೆಗೆ ತಂದು ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಸಮೇತ ಓದಿ. ಅದಾಲತ್ ತೀರ್ಪು ಕೊಡುವ ಕೋರ್ಟಲ್ಲ, ಒಬ್ಬರು ಒಪ್ಪದಿದ್ದರೆ ಕಡತ ಹಿಂದಕ್ಕೆ ಬರುತ್ತದೆ, ಅಷ್ಟೇ.

ವಿಭಾಗ ಪತ್ರಕ್ಕಿಂತ ರಾಜಿ ಡಿಕ್ರಿ ಮೇಲೇ? ದಾವೆ ಆಗಲೇ ಇದ್ದರೆ ಹೌದು. ದಾವೆಯ ಷೆಡ್ಯೂಲಿನಲ್ಲಿರುವ ಆಸ್ತಿಗಳ ಮಟ್ಟಿಗೆ ರಾಜಿ ಡಿಕ್ರಿಗೆ ನೋಂದಣಿ ಕಡ್ಡಾಯವಲ್ಲ. ಷೆಡ್ಯೂಲಿನಲ್ಲಿಲ್ಲದ ಇನ್ನೊಂದು ನಿವೇಶನವನ್ನು ರಾಜಿಯಲ್ಲಿ ತುರುಕಿದರೆ ಆ ಭಾಗಕ್ಕೆ ನೋಂದಣಿ ಬೇಕೇ ಬೇಕು. ಇದನ್ನು ಮರೆತು ಆಮೇಲೆ ಖಾತೆಗೆ ಅಲೆಯುವವರಿದ್ದಾರೆ. ಅಪ್ರಾಪ್ತರು ಪಕ್ಷಕಾರರಾಗಿದ್ದರೆ ರಾಜಿಗೆ ಕೋರ್ಟಿನ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕು. ರಾಜಿ ಡಿಕ್ರಿ ಸರಿಯಿಲ್ಲವೆಂದು ಹೊಸ ದಾವೆ ಹೂಡಲು ಬರುವುದಿಲ್ಲ, ಅದೇ ಕೋರ್ಟಿನ ಮುಂದೆಯೇ ಹೇಳಿಕೊಳ್ಳಬೇಕು.

ಒಬ್ಬರಾದರೂ ಒಪ್ಪದಿದ್ದರೆ: ವಿಭಾಗ ದಾವೆ

ಒಬ್ಬ ಪಾಲುದಾರ ಸಹಿ ಹಾಕುವುದಿಲ್ಲ ಎಂದು ಕೂತರೆ ಉಳಿದ ಹತ್ತು ಮಂದಿ ಒಪ್ಪಿಯೂ ಪ್ರಯೋಜನವಿಲ್ಲ. ಆಗ ದಾವೆ. ಯಾರಾದರೂ ಆಸ್ತಿ ಮಾರಲು ಹೊರಟಿದ್ದರೂ ದಾವೆಯೇ, ಅದೂ ತಡೆಯಾಜ್ಞೆಯ ಅರ್ಜಿಯೊಂದಿಗೆ ಬೇಗ. ದಾವೆ ನಡೆಯುವಾಗ ಕೊಂಡವನು ಅದರ ಫಲಿತಾಂಶಕ್ಕೆ ಬದ್ಧ, ಆದರೆ ಆಗಲೇ ಕೈಬದಲಾದ ಆಸ್ತಿಯನ್ನು ಹಿಂದಕ್ಕೆ ತರುವ ಶ್ರಮ ತಡೆಯಾಜ್ಞೆಯ ಶ್ರಮಕ್ಕಿಂತ ಎಷ್ಟೋ ಪಾಲು ಹೆಚ್ಚು.

ಕೋರ್ಟ್ ಶುಲ್ಕಕ್ಕೆ ಹೆದರಿ ಹಿಂಜರಿಯುವವರಿಗೆ: ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯ 35ನೇ ಕಲಮಿನಂತೆ, ಜಂಟಿ ಅನುಭವದಲ್ಲಿರುವ ಪಾಲುದಾರ ಪಾಲು ಕೇಳಿದರೆ ಶುಲ್ಕ ನಿಗದಿತ, ಗರಿಷ್ಠ 200 ರೂಪಾಯಿ. ತನ್ನನ್ನು ಅನುಭವದಿಂದ ಪೂರ್ತಿ ಹೊರಹಾಕಲಾಗಿದೆ ಎಂಬುದು ದಾವೆಯ ಹೂರಣವಾದರೆ ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕಾಗುತ್ತದೆ. ಸಿಟ್ಟಿನಲ್ಲಿ ‘ನಮ್ಮನ್ನು ಹತ್ತು ವರ್ಷದಿಂದ ಹತ್ತಿರ ಸೇರಿಸಿಲ್ಲ’ ಎಂದು ಬರೆಸುವ ಮೊದಲು ವಕೀಲರ ಜೊತೆ ಇದನ್ನು ಯೋಚಿಸಿ. ಸುಳ್ಳು ಬರೆಸಿ ಎಂದಲ್ಲ: ಒಬ್ಬ ಪಾಲುದಾರನ ಅನುಭವ ಕಾನೂನಿನ ಕಣ್ಣಿನಲ್ಲಿ ಎಲ್ಲರ ಪರವಾದ ಅನುಭವ. ಬಹಿರಂಗವಾಗಿ ಹಕ್ಕು ನಿರಾಕರಿಸಿ ಹೊರಗಿಟ್ಟಾಗ ಕಥೆ ಬೇರೆ. ಅದು ಗೊತ್ತಾದ ದಿನದಿಂದ 12 ವರ್ಷದ ಕಾಲಮಿತಿಯ ಗಡಿಯಾರವೂ ಓಡತೊಡಗುತ್ತದೆ.

ದಾವಾಪತ್ರದಲ್ಲಿ ವಂಶವೃಕ್ಷ, ಎಲ್ಲ ಆಸ್ತಿಯ ಷೆಡ್ಯೂಲು, ಎಲ್ಲ ಪಾಲುದಾರರು ಇರಬೇಕು. ಒಂದೇ ಜಮೀನಿಗೆ ಮಾತ್ರ ಭಾಗಶಃ ದಾವೆ ಹೂಡಿದರೆ ಬಿದ್ದುಹೋಗುವ ಸಂಭವ ಹೆಚ್ಚು. ನಿಮ್ಮ ಕೈಯಲ್ಲೇ ಇರುವ ಜಂಟಿ ನಿವೇಶನವನ್ನು ಮುಚ್ಚಿಟ್ಟರೆ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಎದುರಿನಿಂದ ಬರುವ ಉತ್ತರಗಳೂ ಗೊತ್ತಿರುವವೇ: ಹಿಂದೆಯೇ ಪಾಲಾಗಿದೆ, ಇದು ನನ್ನ ಸಂಪಾದನೆ, ಅಪ್ಪ ಉಯಿಲು ಬರೆದಿದ್ದಾರೆ. ಕುಟುಂಬ ಒಟ್ಟಿಗಿದ್ದ ಮಾತ್ರಕ್ಕೆ ಒಬ್ಬನ ಹೆಸರಿನ ಆಸ್ತಿ ಜಂಟಿ ಎಂದಾಗುವುದಿಲ್ಲ. ಅದನ್ನು ಕೊಳ್ಳಲು ಸಾಲುವಷ್ಟು ಹುಟ್ಟುವಳಿ ಇದ್ದ ಜಂಟಿ ಆಸ್ತಿ ಇತ್ತೆಂದು ಜಂಟಿ ಎನ್ನುವವನೇ ತೋರಿಸಬೇಕು. ಅದಾದ ಮೇಲೆ ತನ್ನ ಸಂಪಾದನೆ ಎಂದು ಸಾಬೀತುಮಾಡುವ ಹೊಣೆ ಅತ್ತ ದಾಟುತ್ತದೆ. ಅಡಿಕೆ ಮಂಡಿಯ ಪಟ್ಟಿ, ಸೊಸೈಟಿ ಪುಸ್ತಕ, ಹಳೆಯ ಸಾಲದ ಕಾಗದ ಇಲ್ಲಿ ಕೆಲಸಕ್ಕೆ ಬರುತ್ತವೆ. ಉಯಿಲಿಗೆ ಸಹಿ ಹಾಕಿದ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ಬಂದು ಹೇಳಬೇಕು. ನೋಂದಣಿಯಾಗಿದೆ ಎಂಬುದಷ್ಟೇ ಸಾಲದು.

ವಾದಿ ಗೆದ್ದರೆ ಮೊದಲು ಬರುವುದು ಪ್ರಾಥಮಿಕ ಡಿಕ್ರಿ: ಯಾರಿಗೆ ಎಷ್ಟು ಪಾಲು ಎಂಬ ಘೋಷಣೆ. ಅದನ್ನು ಹಿಡಿದು ನಾಳೆಯೇ ಬೇಲಿ ಹಾಕಲಾಗದು. ಅಂತಿಮ ಡಿಕ್ರಿಯ ಹಂತದಲ್ಲಿ ಕೋರ್ಟು ಕಮಿಷನರನ್ನು ನೇಮಿಸುತ್ತದೆ. ಕಂದಾಯ ಜಮೀನಿಗೆ ಕರ್ನಾಟಕದ ತಿದ್ದುಪಡಿಯಂತೆ ತಹಸೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಿಂದ ಅಥವಾ ಬೇರೆ ಕಮಿಷನರರಿಂದ ವರದಿ ತರಿಸಿ ಕೋರ್ಟೇ ಪಾಲು ಮಾಡುತ್ತದೆ. ಕಮಿಷನರ್ ಜಾಗಕ್ಕೆ ಬರುವ ದಿನ ಮನೆಯಲ್ಲಿ ಕೂರಬೇಡಿ. ನೀರು, ದಾರಿ, ನೀವು ಕಟ್ಟಿದ ದನದ ಕೊಟ್ಟಿಗೆ, ನೆಟ್ಟ ತೋಟ ಎಲ್ಲವನ್ನೂ ಬರವಣಿಗೆಯ ಮೆಮೊದಲ್ಲಿ ಕೊಡಿ. ವರದಿಗೆ ಆಕ್ಷೇಪಣೆ ಹಾಕಲು ಅವಕಾಶವಿದೆ, ಆದರೆ ಸ್ಥಳದಲ್ಲಿ ಸುಮ್ಮನಿದ್ದವನ ಆಕ್ಷೇಪಣೆಗೆ ತೂಕ ಕಡಿಮೆ. ಪ್ರಾಥಮಿಕ ಡಿಕ್ರಿಯ ಮೇಲೆ ಹೊಸ ಅರ್ಜಿಗೆ ಕಾಯದೆ ಕೋರ್ಟೇ ಮುಂದಿನ ಹಂತಕ್ಕೆ ಕಡತ ಎತ್ತಿಕೊಳ್ಳಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ದಿನಾಂಕ ಬಿದ್ದಿದೆಯೇ ಎಂದು ನೀವೇ ವಿಚಾರಿಸುತ್ತಿರಿ.

ಸೋತವರು ಮರೆಯಬಾರದ ಒಂದು ಕಲಂ ಸಿವಿಲ್ ಪ್ರಕ್ರಿಯಾ ಸಂಹಿತೆಯ 97. ಪ್ರಾಥಮಿಕ ಡಿಕ್ರಿಯ ಮೇಲೆ ಆಗಲೇ ಅಪೀಲು ಹೋಗದೆ ಕೂತು, ಅಂತಿಮ ಡಿಕ್ರಿ ಬಂದ ಮೇಲೆ ‘ನನ್ನ ಪಾಲೇ ತಪ್ಪು’ ಎಂದರೆ ಕೇಳುವುದಿಲ್ಲ. ಜಿಲ್ಲಾ ನ್ಯಾಯಾಲಯಕ್ಕೆ ಅಪೀಲಿಗೆ 30 ದಿನ, ಹೈಕೋರ್ಟಿಗೆ 90 ದಿನ. ಎರಡು ಡಿಕ್ರಿಗಳ ನಡುವೆ ಒಬ್ಬ ಪಾಲುದಾರ ತೀರಿಕೊಂಡರೆ ಪಾಲುಗಳು ಬದಲಾಗುತ್ತವೆ, ಎರಡನೇ ಪ್ರಾಥಮಿಕ ಡಿಕ್ರಿಯೂ ಬರಬಹುದು. ವರ್ಷಗಟ್ಟಲೆ ಎಳೆಯುವುದು ಹೆಚ್ಚಾಗಿ ಇಲ್ಲೇ. ಇನ್ನು, ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಬೇಕು. ವಿಭಾಗ ಪತ್ರಕ್ಕಿರುವ ಮುದ್ರಾಂಕದ ಬಾಧ್ಯತೆ ಅದಕ್ಕೂ ಉಂಟು.

ತುಂಡಾಗದ ಆಸ್ತಿ

30 ಬೈ 40 ನಿವೇಶನದ ಮನೆ, ಅಪಾರ್ಟ್‌ಮೆಂಟಿನ ಫ್ಲ್ಯಾಟ್, ಪೇಟೆ ಬೀದಿಯ ಹನ್ನೆರಡು ಅಡಿ ಅಗಲದ ಅಂಗಡಿ ಇವನ್ನು ನಾಲ್ಕು ಮಾಡಲಾಗದು. ಇಲ್ಲಿ ಒಬ್ಬರು ಇಟ್ಟುಕೊಂಡು ಮಿಕ್ಕವರಿಗೆ ಹಣ ಕೊಡಬೇಕು, ಇಲ್ಲವೇ ಮಾರಿ ಹಂಚಿಕೊಳ್ಳಬೇಕು. ಒಪ್ಪಿಗೆಯಿದ್ದರೆ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಹಣ ಕೊಟ್ಟು ಬಿಡುಗಡೆ ಪತ್ರ ಮಾಡಿಸುವುದು ಮಾರಾಟಕ್ಕಿಂತ ಲಾಭ. ಹೊರಗೆ ಮಾರಿದರೆ ಬಂಡವಾಳ ಲಾಭ ತೆರಿಗೆಯ ಲೆಕ್ಕ ಬರುತ್ತದೆ.

ಒಪ್ಪಿಗೆಯಿಲ್ಲದಿದ್ದರೆ 1893ರ ವಿಭಾಗ ಕಾಯ್ದೆ. ಹಂಚುವುದು ಅಸಾಧ್ಯ ಅಥವಾ ಅಹಿತ ಎನ್ನಿಸಿದಾಗ, ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಪಾಲುಳ್ಳವರು ಕೇಳಿದರೆ ಕೋರ್ಟು ಮಾರಾಟಕ್ಕೆ ಆದೇಶಿಸಬಹುದು. ಹಾಗೆ ಕೇಳಿದ ಕೂಡಲೇ ಇತರ ಪಾಲುದಾರರಿಗೆ ಕೋರ್ಟು ಕಟ್ಟಿದ ಬೆಲೆಗೆ ಆ ಪಾಲನ್ನು ಕೊಳ್ಳುವ ಹಕ್ಕು ಹುಟ್ಟುತ್ತದೆ. ಹಾಗಾಗಿ ಮನೆಯನ್ನು ಉಳಿಸಿಕೊಳ್ಳುವ ಆಸೆಯಿರುವವನು ಮಾರಾಟದ ಅರ್ಜಿ ಹಾಕುವುದು ದಡ್ಡತನ. ಎದುರಿನವರು ಹಾಕಲಿ ಎಂದು ಕಾದು, ಹಣ ಹೊಂದಿಸಿಕೊಂಡಿರಬೇಕು.

ಜಗಳವಾದ ಅಣ್ಣ ತನ್ನ ಪಾಲನ್ನು ಹೊರಗಿನವನಿಗೆ ಮಾರಿದರೆ? ಕೊಂಡವನಿಗೆ ಕುಟುಂಬದ ವಾಸದ ಮನೆಯೊಳಗೆ ಬಂದು ಕೂರುವ ಹಕ್ಕಿಲ್ಲ, ವಿಭಾಗ ಕೇಳಿ ದಾವೆ ಹೂಡಬಹುದಷ್ಟೇ. ಅವನು ಹೂಡಿದಾಗ ಮನೆಯವರು ಅವನ ಪಾಲನ್ನು ಮೌಲ್ಯ ಕಟ್ಟಿಸಿ ಕೊಳ್ಳಬಹುದು. ಒಂದನೇ ವರ್ಗದ ವಾರಸುದಾರರಿಗೆ (ಹೆಂಡತಿ, ಮಕ್ಕಳು, ತಾಯಿ ಮುಂತಾದವರಿಗೆ) ಮಾರಾಟಕ್ಕೂ ಮೊದಲೇ ಕೊಳ್ಳುವ ಆದ್ಯತೆಯನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಕೊಟ್ಟಿದೆ. ಕೃಷಿ ಜಮೀನಿಗೂ ಅದು ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಡ್ಡ ಬೆಲೆಗೆ ‘ಪಾಲು’ ಕೊಳ್ಳಲು ಬರುವ ಹೊರಗಿನ ಖರೀದಿದಾರರು ಇದನ್ನೆಲ್ಲ ತಿಳಿದೇ ಬರುತ್ತಾರೆ, ದಾವೆಯ ಗೋಜಿಗೆ ಮನೆಯವರು ಹೆದರುತ್ತಾರೆಂಬ ಲೆಕ್ಕದಲ್ಲಿ.

ದೂರದಲ್ಲಿರುವ ಪಾಲುದಾರರು

ಅಮೆರಿಕದಲ್ಲೋ ದುಬೈಯಲ್ಲೋ ಇರುವ ತಮ್ಮನಿಗಾಗಿ ವರ್ಷ ಕಾಯಬೇಕಿಲ್ಲ, ಅಧಿಕಾರ ಪತ್ರ ಸಾಕು. ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿಯ ಅಥವಾ ನೋಟರಿಯ ಮುಂದೆ ಸಹಿ ಮಾಡಿ ಕಳಿಸಿದ ಪತ್ರಕ್ಕೆ, ಅದು ರಾಜ್ಯಕ್ಕೆ ಬಂದು ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಬಂದ ಲಕೋಟೆಯನ್ನು ಎಸೆಯಬೇಡಿ, ತಲುಪಿದ ತಾರೀಕಿಗೆ ಅದೇ ಪುರಾವೆ. ಪತ್ರದಲ್ಲಿ ‘ಎಲ್ಲ ವ್ಯವಹಾರ’ ಎಂದು ಸಾರಾಸಗಟಾಗಿ ಬರೆಯದೆ ಆಸ್ತಿಯ ಸರ್ವೆ ನಂಬರ್, ವಿಭಾಗ ಪತ್ರಕ್ಕೆ ಸಹಿ ಮಾಡುವ ಮತ್ತು ನೋಂದಣಿಗೆ ಹಾಜರಾಗುವ ಅಧಿಕಾರ, ತಮ್ಮನಿಗೆ ಬರುವ ತುಂಡು ಯಾವುದು ಎಂಬುದನ್ನು ಸೇರಿಸಿ. ಅಧಿಕಾರ ಪಡೆಯುವವನು ಆ ಪತ್ರದಲ್ಲಿ ಎದುರು ಪಾಲುದಾರನೂ ಆಗಿದ್ದರೆ, ಅಂದರೆ ಅಣ್ಣನೇ ತಮ್ಮನ ಪರವಾಗಿಯೂ ಸಹಿ ಹಾಕುವುದಾದರೆ, ಬೇರೆಯವರ ಹೆಸರಿಗೆ ಬರೆಸಿ. ಪತ್ರ ನೋಂದಣಿಯಾಗಿ ಬಂದ ಮೇಲೆ ಪ್ರತಿಯೊಬ್ಬರ ಹೆಸರಿಗೆ ಬೇರೆ ಪಹಣಿ, ಪೋಡಿ (ಸರ್ವೆ ನಂಬರಿನ ವಿಂಗಡಣೆ), ಹದ್ದುಬಸ್ತು (ಗಡಿ ಗುರುತು) ಮಾಡಿಸಿ ಕಲ್ಲು ನೆಡಿಸುವ ಕೆಲಸಕ್ಕೂ ಅದೇ ಅಧಿಕಾರ ಪತ್ರ ಸಾಲುವಂತೆ ಒಂದು ವಾಕ್ಯ ಈಗಲೇ ಇರಲಿ, ಇಲ್ಲದಿದ್ದರೆ ಆ ಹೊತ್ತಿಗೆ ಮತ್ತೊಂದನ್ನು ತರಿಸಬೇಕಾಗುತ್ತದೆ.